ತಲೆ ಆಪರೇಷನ್ ಆದ ಮಗ ಕ್ಲಾಸಿನಲ್ಲಿ ಕೂರುತ್ತಿಲ್ಲ, ಮಕ್ಕಳನ್ನು ತಳ್ಳುತ್ತಾನೆ. ಇದು ತಲೆಯಿಂದಲೇ ಬಂದದ್ದಾ?

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಮಗನಿಗೆ ಈಗ 6 ವರ್ಷ, ಒಂದನೇ ಕ್ಲಾಸ್. ಹುಟ್ಟಿದಾಗಲೇ ಅವನ ತಲೆ ಉದ್ದಕ್ಕಿತ್ತು. ಪಕ್ಕದಿಂದ ನೋಡಿದರೆ ದೋಣಿ ಇದ್ದ ಹಾಗೆ. ಹೆರಿಗೆಯಲ್ಲಿ ಒತ್ತಿಕೊಂಡಿದೆ, ಎಣ್ಣೆ ಹಚ್ಚಿ ನೀವಿದರೆ ದುಂಡಗಾಗುತ್ತದೆ ಎಂದರು ಎಲ್ಲರೂ. ಬಾಣಂತನಕ್ಕೆ ಬಂದಿದ್ದ ಅಜ್ಜಿ ದಿನಾ ಎರೆಯುವಾಗ ಎರಡೂ ಅಂಗೈಯಲ್ಲಿ ತಲೆ ಹಿಡಿದು ನೀವುತ್ತಿದ್ದರು. ಮೂರೂವರೆ ತಿಂಗಳ ಚುಚ್ಚುಮದ್ದಿಗೆ ಹೋದಾಗ ಡಾಕ್ಟರು ನೆತ್ತಿಯ ಮೇಲೆ ಬೆರಳಾಡಿಸಿ ಸುಮ್ಮನಾದರು. ಆಮೇಲೆ ಟೇಪು ತಂದು ಅಳೆದರು. ಸಿ.ಟಿ. ಸ್ಕ್ಯಾನ್ ಆಯಿತು. ಸ್ಯಾಜಿಟಲ್ ಕ್ರೇನಿಯೋಸಿನೋಸ್ಟೋಸಿಸ್ ಎಂದರು. ನೆತ್ತಿಯ ಮಧ್ಯೆ ಮುಂದಿನಿಂದ ಹಿಂದಕ್ಕೆ ಹೋಗುವ ಮೂಳೆಗಳ ಸಂದು ಹುಟ್ಟುವ ಮೊದಲೇ ಕೂಡಿಕೊಂಡುಬಿಟ್ಟಿದೆ ಅಂತ. 8 ತಿಂಗಳಿದ್ದಾಗ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಅಂಕುಡೊಂಕು ಗಾಯದ ಗುರುತಿದೆ, ಕೂದಲಲ್ಲಿ ಮುಚ್ಚಿಹೋಗಿದೆ.

ತಲೆ ಈಗ ಚೆನ್ನಾಗಿದೆ. ತೊಂದರೆ ಶಾಲೆಯಲ್ಲಿ. ವಾರಕ್ಕೆ ಎರಡು ಸಲ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಜಾಗದಲ್ಲಿ ಕೂರುವುದಿಲ್ಲ. ಹೇಳಿದ್ದು ಮುಗಿಯುವ ಮೊದಲೇ ಏಳುತ್ತಾನೆ. ಸಾಲಿನಲ್ಲಿ ನಿಂತಾಗ ಹಿಂದಿನವರನ್ನು ತಳ್ಳುತ್ತಾನೆ. ಹೋದ ವಾರ ಕರೆಸಿ, "ತಲೆ ಆಪರೇಷನ್ ಆದ ಮಗು ಅಂತ ಮೊದಲೇ ಹೇಳಬೇಕಿತ್ತು" ಎಂದರು. ಆ ಮಾತು ಇನ್ನೂ ಚುಚ್ಚುತ್ತಿದೆ.

ಒಂದು ವಿಷಯ ಮುಚ್ಚಿಡುವುದಿಲ್ಲ. ನಾನು ಅವನಿಗೆ ಇವತ್ತಿನವರೆಗೂ ಯಾವುದಕ್ಕೂ 'ಬೇಡ' ಎಂದವಳಲ್ಲ. ಜೋರಾಗಿ ಅತ್ತರೆ ತಲೆಗೆ ಏನಾದರೂ ಆದೀತು ಎಂಬ ಭಯ. ಅವನು ಅಳುವ ಮೊದಲೇ ಕೇಳಿದ್ದು ಕೊಟ್ಟುಬಿಡುತ್ತೇನೆ. ಇದು ತಲೆಯಿಂದ ಬಂದದ್ದಾ? ಆಪರೇಷನ್‌ನಿಂದಲಾ? ನಾನು ಬೆಳೆಸಿದ್ದರಿಂದಲಾ? ಯಾರ ಮಕ್ಕಳಿಗಾದರೂ ಹೀಗಾಗಿದ್ದರೆ ಹೇಳಿ.

ಹುಬ್ಬಳ್ಳಿ ಅಪ್ಪ

ಅಕ್ಕಾ, ನಿಮ್ಮದನ್ನು ಓದಿ ನಮ್ಮ ಮನೆಯ ಮೂರು ವರ್ಷದ ಹಿಂದಿನ ದಿನಗಳು ನೆನಪಾದವು. ನಮ್ಮ ಹುಡುಗನದು ಮೆಟೋಪಿಕ್. ಹಣೆಯ ನಡುವಿನ ಸಂದು. ಹಣೆ ಮುಂದೆ ಚೂಪಾಗಿ ತ್ರಿಕೋನದ ಹಾಗಿತ್ತು. 10 ತಿಂಗಳಿಗೆ ಆಪರೇಷನ್. ಈಗ 9 ವರ್ಷ.

ಎರಡೂವರೆ ವರ್ಷ ಆದರೂ "ಅಮ್ಮ", "ಬಾ", "ಕೊಡು" ಬಿಟ್ಟರೆ ಮಾತಿಲ್ಲ. ಬೇಕಾದ್ದು ಹೇಳಲು ಬಾರದೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ. ನಾವು ಹಟ ಎಂದುಕೊಂಡೆವು. ಸ್ಪೀಚ್ ಥೆರಪಿಗೆ ಹಾಕಿದ ಮೇಲೆ, ಆರು ತಿಂಗಳಲ್ಲಿ ಮಾತು ಹೆಚ್ಚಾದ ಹಾಗೆ ಹೊರಳಾಟ ಕಡಿಮೆ ಆಯಿತು. ಅದನ್ನು ಕಣ್ಣಾರೆ ಕಂಡಿದ್ದೇನೆ. ಮಾತು ಬಂದ ದಿನ ಅವನ ಸಿಟ್ಟಿಗೊಂದು ದಾರಿ ಸಿಕ್ಕಿತು.

ಒಂದನೇ ಕ್ಲಾಸಿನಲ್ಲಿ ನಿಮ್ಮ ಮಗನ ಹಾಗೇ ಇದ್ದ. ಈಗಲೂ ಒಂದೇ ಉಸಿರಿಗೆ ಮೂರು ಕೆಲಸ ಹೇಳಿದರೆ ಮೂರೂ ಮರೆಯುತ್ತಾನೆ. "ಬೂಟು ತೆಗಿ, ಕೈ ತೊಳಿ, ಡಬ್ಬಿ ತಾ" ಅಂದರೆ ಬಾಗಿಲಲ್ಲೇ ನಿಂತಿರುತ್ತಾನೆ. "ಬೂಟು ತೆಗಿ" ಎಂದು ಹೇಳಿ ಕಾಯಬೇಕು, ಆಮೇಲೆ ಎರಡನೆಯದು. ಟೀಚರಿಗೂ ಇದನ್ನೇ ಹೇಳಿಕೊಟ್ಟೆವು. ಅಷ್ಟರಿಂದಲೇ ಅರ್ಧ ಜಗಳ ನಿಂತಿತು.

ನೀವು ಬೆಳೆಸಿದ್ದರಿಂದ ಅಂತ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಮಗುವನ್ನು ಕೈಯಿಂದ ಕೊಟ್ಟು ನಿಂತವರಿಗೆ ಆ ಭಯ ಏನೆಂದು ಗೊತ್ತು.

ಮೈಸೂರು ಸೈಕಾಲಜಿಸ್ಟ್

ನಾನು ಮಕ್ಕಳ ಸೈಕಾಲಜಿಸ್ಟ್. ನಿಮ್ಮ ಮಗನನ್ನು ನೋಡದೆ ಅವನಿಗೆ ಹೀಗೇ ಎಂದು ಹೇಳಲಾರೆ. ಆದರೆ ಈ ಮಕ್ಕಳ ಬಗ್ಗೆ ಗೊತ್ತಿರುವುದನ್ನು ಹೇಳಿದರೆ ನಿಮಗೆ ಸ್ವಲ್ಪ ನೆಲೆ ಸಿಗಬಹುದು.

ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಂದಕ್ಕೆ ಹೀಗೆ ಬುರುಡೆಯ ಸಂದು ಬೇಗ ಕೂಡಿಕೊಂಡಿರುತ್ತದೆ. ಅದರಲ್ಲಿ ಹೆಚ್ಚು ಕಾಣುವುದು ನಿಮ್ಮ ಮಗನಿಗಿದ್ದ ಸ್ಯಾಜಿಟಲ್ಲೇ. ಗಂಡುಮಕ್ಕಳಲ್ಲಿ ಜಾಸ್ತಿ. ನೀವು ದೋಣಿ ಎಂದಿರಲ್ಲ, ವೈದ್ಯರೂ ಅದನ್ನು ಸ್ಕಾಫೋಸೆಫಲಿ ಎನ್ನುತ್ತಾರೆ. ಗ್ರೀಕ್ ಭಾಷೆಯ ದೋಣಿ ಎಂಬ ಪದದಿಂದಲೇ ಅದು ಬಂದದ್ದು. ಮೊದಲ ವರ್ಷ ಮಿದುಳು ತುಂಬಾ ವೇಗವಾಗಿ ಬೆಳೆಯುತ್ತದೆ. ಒಂದು ಕಡೆ ಸಂದು ಮುಚ್ಚಿದ್ದರೆ, ಬುರುಡೆ ತೆರೆದ ಕಡೆಗೆ ಬೆಳೆದು ಜಾಗ ಮಾಡಿಕೊಡುತ್ತದೆ. ಇದನ್ನು ಜರ್ಮನಿಯ ವೈದ್ಯ ವಿರ್ಷೋ 1851ರಲ್ಲೇ ಬರೆದಿದ್ದರು. ಹಾಗಾಗಿ ಒಂದೇ ಸಂದು ಕೂಡಿದ ಹೆಚ್ಚಿನ ಮಕ್ಕಳಲ್ಲಿ ಆಕಾರ ಕಣ್ಣಿಗೆ ಕಾಣುವಷ್ಟು ಕೆಟ್ಟಿದ್ದರೂ ಒಳಗಿನ ಒತ್ತಡ ಅಷ್ಟೊಂದು ಏರಿರುವುದಿಲ್ಲ. ಕೆಲವರಲ್ಲಿ ಏರುತ್ತದೆ. ಅದಕ್ಕೇ ಆಪರೇಷನ್, ಅದಕ್ಕೇ ಆಮೇಲಿನ ತಪಾಸಣೆ.

ಈಗ ನಿಮ್ಮ ಪ್ರಶ್ನೆ. ಅಮೆರಿಕದಲ್ಲಿ ಒಂದೇ ಸಂದು ಕೂಡಿದ್ದ 182 ಮಕ್ಕಳನ್ನು ಕೂಸಾಗಿದ್ದಾಗಿನಿಂದ ಸುಮಾರು 7 ವರ್ಷದವರೆಗೆ ಹಿಂಬಾಲಿಸಿ, ಈ ತೊಂದರೆ ಇಲ್ಲದ 183 ಮಕ್ಕಳ ಜೊತೆ ಹೋಲಿಸಿದರು. 2015ರಲ್ಲಿ ಫಲಿತಾಂಶ ಬಂತು. ಬುದ್ಧಿಮಟ್ಟದ ಅಂಕದಲ್ಲಿ ಮತ್ತು ಲೆಕ್ಕ ಮಾಡುವುದರಲ್ಲಿ ವ್ಯತ್ಯಾಸ ಜಾಸ್ತಿ ಕಂಡಿತು, ಆದರೆ ಆ ಜಾಸ್ತಿ ಎಂದರೂ ಸಂದು ಕೂಡಿದ್ದ ಮಕ್ಕಳಿಗೆ ಸರಾಸರಿ 2.5ರಿಂದ 4 ಅಂಕ ಕಡಿಮೆ, ಅಷ್ಟೇ. 100 ಅಂಕ ಸರಾಸರಿ ಇರುವ ಪರೀಕ್ಷೆಯಲ್ಲಿ ಇದು ಒಂದು ಮಗುವನ್ನು ನೋಡಿದರೆ ಗೊತ್ತೇ ಆಗದಷ್ಟು ಸಣ್ಣದು. 58% ಮಕ್ಕಳಲ್ಲಿ ಕಲಿಕೆಯ ತೊಂದರೆ ಏನೂ ಕಾಣಲಿಲ್ಲ. ಸ್ಯಾಜಿಟಲ್ ಮಕ್ಕಳು ಬೇರೆ ಸಂದು ಕೂಡಿದವರಿಗಿಂತ ಸ್ವಲ್ಪ ಮುಂದೆಯೇ ಇದ್ದರು. ಮೆಟೋಪಿಕ್, ಒಂದು ಬದಿಯ ಕೊರೋನಲ್ (ಹಣೆಯ ಮೇಲಿನಿಂದ ಕಿವಿಯ ಕಡೆಗೆ ಇಳಿಯುವ ಸಂದು), ಲ್ಯಾಂಬ್ಡಾಯ್ಡ್ (ತಲೆಯ ಹಿಂಭಾಗದ ಸಂದು) ಮಕ್ಕಳಿಗೆ ಸಹಾಯ ಹೆಚ್ಚು ಬೇಕಾಗಬಹುದು.

ಇದರಲ್ಲಿ ಎರಡೂ ಮಾತಿದೆ, ನೋಡಿ. ನಿಮ್ಮ ಮಗ ಚೆನ್ನಾಗಿ ಓದಿ ಬೆಳೆಯುವ ಸಾಧ್ಯತೆಯೇ ಹೆಚ್ಚು. ಜೊತೆಗೆ, ಗಮನ, ಮಾತು, ಲೆಕ್ಕ, ಯೋಚಿಸಿ ನಿಧಾನಿಸುವುದು, ಇವುಗಳಲ್ಲಿ ಸಣ್ಣ ತೊಡಕು ಇರುವ ಮಕ್ಕಳು ಈ ಗುಂಪಿನಲ್ಲಿ ಸ್ವಲ್ಪ ಜಾಸ್ತಿ. ಆ ತೊಡಕು ಎಷ್ಟೋ ಸಲ ಎರಡು ವರ್ಷಕ್ಕೆ ಕಾಣುವುದಿಲ್ಲ. ಶಾಲೆ ಕೇಳುವ ಕೆಲಸ ಹೆಚ್ಚಿದ ಮೇಲೆ ಕಾಣುತ್ತದೆ. ಆಪರೇಷನ್ ಆಗಿ ಒಂದು ವರ್ಷಕ್ಕೆ "ಎಲ್ಲಾ ಸರಿ ಇದೆ, ಇನ್ನು ಬರಬೇಡಿ" ಎಂದು ಕಳಿಸಿದವರು ತುಂಬಾ ಜನ ನನ್ನ ಹತ್ತಿರ ಬಂದಿದ್ದಾರೆ. ತಲೆಯ ಆಕಾರದ ಮಟ್ಟಿಗೆ ಅದು ನಿಜ. ಮಗುವಿನ ಮಟ್ಟಿಗೆ 5ರಿಂದ 7 ವರ್ಷದ ಹೊತ್ತಿಗೆ ಇನ್ನೊಮ್ಮೆ ನೋಡಲೇಬೇಕು.

ಮಾಡಬೇಕಾದ್ದು: ಮೊದಲು ಕಿವಿ ಮತ್ತು ಕಣ್ಣು ತೋರಿಸಿ. ಕಣ್ಣಿನವರಿಗೆ ಆಪರೇಷನ್ ವಿಷಯ ಹೇಳಿ, ಕಣ್ಣಿನ ಹಿಂದಿನ ನರ ಊದಿಕೊಂಡಿದೆಯಾ ಎಂದು ನೋಡಲು ಹೇಳಿ. ಒಳಗಿನ ಒತ್ತಡ ಏರಿದ್ದರೆ ಎಷ್ಟೋ ಸಲ ಅಲ್ಲಿ ಸುಳಿವು ಸಿಗುತ್ತದೆ. ಆಮೇಲೆ ಬುದ್ಧಿಮಟ್ಟ, ಗಮನ, ಮಾತು ಮೂರರ ಪರೀಕ್ಷೆ. ನಮ್ಮಲ್ಲಿ ಬಿನೆ-ಕಾಮತ್ ಪರೀಕ್ಷೆ ಈಗಲೂ ಮಾಡುತ್ತಾರೆ. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆಂದೇ ಹೊಂದಿಸಿದ್ದು ಅದು. ಪರೀಕ್ಷೆ ಮಗುವಿನ ಮನೆಮಾತಿನಲ್ಲೇ ಆಗಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಎರಡೂ ಸರ್ಕಾರದವು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಡಿ.ಇ.ಐ.ಸಿ. (ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ನೆರವಾಗುವ ಕೇಂದ್ರ) ಇದೆಯಾ ಎಂದೂ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಈ ಕೇಂದ್ರಗಳನ್ನು ತೆರೆದಿದ್ದಾರೆ.

ಒಂದು ಎಚ್ಚರಿಕೆ ಎಲ್ಲರಿಗೂ. ಮಗುವಿನ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ, ಬೆಳಗ್ಗೆ ಎದ್ದಾಗ ತಲೆನೋವು, ವಾಂತಿ, ಮಂಜು ಮಂಜು ಕಾಣುವುದು, ಬರುತ್ತಿದ್ದ ಪಾಠ ಬಾರದಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ನನ್ನಂಥವರಿಗೆ ಕಾಯಬೇಡಿ. ನೇರ ಆಪರೇಷನ್ ಮಾಡಿದ ತಂಡದ ಹತ್ತಿರ ಹೋಗಿ. ಆಪರೇಷನ್ ಆಗಿ ವರ್ಷಗಳಾದ ಮೇಲೂ ಒತ್ತಡ ಮತ್ತೆ ಏರುವುದುಂಟು.

ಹಾಸನದ ಅಮ್ಮ

ಮೇಡಂ, ತುಂಬಾ ಉಪಕಾರ. ಎರಡು ಸಲ ಓದಿದೆ. ಹುಬ್ಬಳ್ಳಿ ಅಣ್ಣ, ಆ ಥಿಯೇಟರ್ ಬಾಗಿಲಿನ ಮಾತು ಓದಿ ಅತ್ತುಬಿಟ್ಟೆ.

ಇನ್ನೆರಡು ಕೇಳಬೇಕಿತ್ತು. ಅವನಿಗೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಅರಿವಳಿಕೆ ಕೊಟ್ಟಿದ್ದರು. ಅದರಿಂದ ಮಿದುಳಿಗೆ ಏನಾದರೂ ಆಗಿರಬಹುದಾ? ಇನ್ನೊಂದು, ಬಸುರಿಯಲ್ಲಿ ನಾನು ಗ್ರಹಣದ ದಿನ ಹೊರಗೆ ಬಂದಿದ್ದೆ, ಅದಕ್ಕೇ ಹೀಗಾಯಿತು ಅಂತ ಮನೆಯಲ್ಲಿ ಈಗಲೂ ಮಾತು ಬರುತ್ತದೆ. ನಾನು ನಂಬುವುದಿಲ್ಲ. ಆದರೂ ರಾತ್ರಿ ನಿದ್ದೆ ಬಾರದಾಗ ಅದೇ ಬಂದು ಕೂರುತ್ತದೆ.

ಮೈಸೂರು ಸೈಕಾಲಜಿಸ್ಟ್

ಗ್ರಹಣದ್ದು ಮೊದಲು. ಅಲ್ಲ. ನೀವು ಮಾಡಿದ್ದರಿಂದ, ತಿಂದದ್ದರಿಂದ, ಎಲ್ಲೋ ಹೋದದ್ದರಿಂದ ಆದದ್ದಲ್ಲ. ಇದನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ.

ಅರಿವಳಿಕೆ ಬಗ್ಗೆ ನಿಮ್ಮ ಚಿಂತೆ ಸುಮ್ನೆ ಅಲ್ಲ. 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆಗಿಂತ ಹೆಚ್ಚು ಹೊತ್ತು, ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಡುವಾಗ ಯೋಚಿಸಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಸಿತ್ತು. ಕೂಸುಗಳಿಗೆ ಒಂದು ಗಂಟೆಯೊಳಗಿನ ಅರಿವಳಿಕೆ ಕೊಟ್ಟು ಹಲವು ದೇಶಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. 5 ವರ್ಷಕ್ಕೆ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಇರಲಿಲ್ಲ. ನಿಮ್ಮ ಮಗನದು ಉದ್ದದ ಆಪರೇಷನ್, ಹಾಗಾಗಿ ಇದನ್ನು ನೇರ ಅನ್ವಯಿಸಲು ಬಾರದು. ಆದರೆ ಅದೇ ಎಫ್‌ಡಿಎ, ಅಗತ್ಯವಾದ ಆಪರೇಷನ್ ಮುಂದೂಡಬೇಡಿ ಎಂದೂ ಹೇಳಿದೆ. ಮಿದುಳಿಗೆ ಜಾಗ ಬೇಕಾದ ವಯಸ್ಸಿನಲ್ಲಿ ನೀವು ಜಾಗ ಮಾಡಿಕೊಟ್ಟಿರಿ. ಆ ನಿರ್ಧಾರವನ್ನು ಈಗ ಅನುಮಾನಿಸಬೇಡಿ.

ಅಳುವಿನ ಬಗ್ಗೆ ಸರ್ಜನ್‌ರನ್ನೇ ಒಮ್ಮೆ ಕೇಳಿ, ನಿಮ್ಮ ಸಮಾಧಾನಕ್ಕೆ. ಐದು ವರ್ಷದ ಹಿಂದೆ ವಾಸಿಯಾದ ತಲೆಗೆ ಚಾಕಲೇಟ್ ಸಿಗದ ಅಳುವಿನಿಂದ ಏನೂ ಆಗುವುದಿಲ್ಲ. ಆದರೆ ಅತ್ತರೆ ಎಲ್ಲಾ ಸಿಗುತ್ತದೆ ಎಂದು ಕಲಿತ ಮಗುವಿಗೆ ಶಾಲೆ ನಿಜಕ್ಕೂ ಕಷ್ಟ.

ಉಡುಪಿ ಮಲ್ಲಿಗೆ

ಕಣ್ಣಿನ ವಿಷಯ ಬಂತಲ್ಲ, ನಮ್ಮ ಮಗಳದು ಹೇಳಲೇಬೇಕು. ಅವಳದು ಬಲಗಡೆಯ ಕೊರೋನಲ್. ಹಣೆ ಒಂದು ಕಡೆ ಚಪ್ಪಟೆ, ಮೂಗು ಸ್ವಲ್ಪ ವಾಲಿತ್ತು. ಆಪರೇಷನ್ ಒಂದು ವರ್ಷದೊಳಗೇ ಆಗಿತ್ತು.

ಎರಡನೇ ಕ್ಲಾಸಿನಲ್ಲಿ ಟೀಚರ್ ಕರೆದು, "ನಿಮ್ಮ ಮಗಳು ಯಾವಾಗಲೂ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ, ಎಷ್ಟು ಹೇಳಿದರೂ ಕತ್ತು ತಿರುಗಿಸಿಕೊಂಡೇ ಇರುತ್ತಾಳೆ" ಎಂದರು. ಮನೆಗೆ ಬಂದು ಕೇಳಿದರೆ ಅವಳು ಇಲ್ಲ ಎಂದು ಅಳುತ್ತಾಳೆ. ನಾನೂ ಬೈದೆ. ಒಂದು ದಿನ ಊಟಕ್ಕೆ ಕೂತಾಗ ಟಿ.ವಿ. ನೋಡುತ್ತಿದ್ದಳು. ಕತ್ತು ಅದೇ ಥರ ವಾಲಿಸಿಕೊಂಡಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಣ್ಣಿನ ಡಾಕ್ಟರು ಹೇಳಿದ್ದು: ಒಂದು ಕಣ್ಣಿನ ಗೂಡಿನ ಆಕಾರ ಬೇರೆ ಇರುವುದರಿಂದ ಕಣ್ಣು ತಿರುಗಿಸುವ ಸ್ನಾಯುಗಳು ಹೊಂದುತ್ತಿಲ್ಲ. ತಲೆ ನೆಟ್ಟಗಿಟ್ಟರೆ ಬೋರ್ಡಿನ ಅಕ್ಷರ ಎರಡೆರಡಾಗಿ ಕಾಣುತ್ತದೆ. ವಾಲಿಸಿದರೆ ಒಂದಾಗುತ್ತದೆ. ಮಗು ತನ್ನಷ್ಟಕ್ಕೆ ದಾರಿ ಕಂಡುಕೊಂಡಿತ್ತು. ನಾವು ಅದಕ್ಕೆ ಕಳ್ಳತನ ಎಂದು ಹೆಸರಿಟ್ಟೆವು. ಕನ್ನಡಕ ಬಂತು, ಕಣ್ಣಿನ ಸಣ್ಣ ಆಪರೇಷನ್ ಆಯಿತು, ಜಾಗ ಬದಲಾಯಿಸಿದರು. ನಾನು ಅವಳ ಹತ್ತಿರ ತಪ್ಪಾಯಿತು ಮಗಾ ಎಂದು ಕೇಳಿಕೊಂಡೆ.

ಮೈಸೂರು ಸೈಕಾಲಜಿಸ್ಟ್

ಒಂದು ಮಾತು ಸೇರಿಸುತ್ತೇನೆ. ಕೊರೋನಲ್ ಸಂದು ಕೂಡಿದ ಮಕ್ಕಳ ತಂದೆ ತಾಯಿ ಜೀನ್ ಪರೀಕ್ಷೆ ಬಗ್ಗೆ ಕೇಳಿ. ಮ್ಯೂಂಕೆ ಸಿಂಡ್ರೋಮ್ ಎಂದೊಂದಿದೆ, ಎಫ್‌ಜಿಎಫ್‌ಆರ್3 ಎಂಬ ಜೀನಿನ ಒಂದು ಬದಲಾವಣೆಯಿಂದ ಬರುತ್ತದೆ. ಹೊರಗಿನಿಂದ ಬರೀ ಸಂದು ಕೂಡಿದ ಹಾಗೇ ಕಾಣುತ್ತದೆ. ಆದರೆ ಅವರಲ್ಲಿ ಕಿವಿ ಮಂದವಿರುವುದು, ಗಮನ ನಿಲ್ಲದಿರುವುದು ಜಾಸ್ತಿ. ತಗ್ಗಿನ ಸ್ವರ ಕೇಳಿಸದ ಮಗುವಿಗೆ "ಹೇಳಿದ ಮಾತು ಕೇಳಲ್ಲ" ಎಂಬ ಹೆಸರು ಬೇಗ ಬರುತ್ತದೆ.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ನಾವು ಮೂಲ ದಾವಣಗೆರೆಯವರು. ಮಗ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಇಲ್ಲಿ ಈ ಮಕ್ಕಳನ್ನು ನೋಡಲು ದೇಶಕ್ಕೆಲ್ಲಾ ನಾಲ್ಕೇ ಕೇಂದ್ರ. ಬರ್ಮಿಂಗ್‌ಹ್ಯಾಮ್, ಲಿವರ್‌ಪೂಲ್, ಆಕ್ಸ್‌ಫರ್ಡ್, ಲಂಡನ್. ಮಿದುಳಿನ ಸರ್ಜನ್, ಪ್ಲಾಸ್ಟಿಕ್ ಸರ್ಜನ್, ಕಣ್ಣು, ಕಿವಿ, ಸ್ಪೀಚ್, ಸೈಕಾಲಜಿಸ್ಟ್, ಎಲ್ಲರೂ ಒಂದೇ ತಂಡ. ಆಪರೇಷನ್‌ಗೆ ಮೊದಲೇ ಸೈಕಾಲಜಿಸ್ಟ್ ನಮ್ಮ ಜೊತೆ ಕೂತರು. ಮಗು ಹೇಗಿದೆ ಎಂದು ಆಮೇಲೆ. ಮೊದಲು ನನ್ನನ್ನೇ ಕೇಳಿದರು, "ನಿಮಗೆ ನಿದ್ದೆ ಬರುತ್ತಿದೆಯಾ?"

ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಊರಿನಲ್ಲಿ ಒಳ್ಳೆಯ ಸರ್ಜನ್‌ಗಳಿದ್ದಾರೆ. ಆದರೆ ಆ ತಂಡವನ್ನು ಅಪ್ಪ ಅಮ್ಮನೇ ಒಬ್ಬೊಬ್ಬರ ಹತ್ತಿರ ಓಡಾಡಿ ಕಟ್ಟಿಕೊಳ್ಳಬೇಕು. ಅದಕ್ಕೇ ಒಂದು ಫೈಲ್ ಇಟ್ಟುಕೊಳ್ಳಿ. ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ, ತಲೆ ಸುತ್ತಳತೆ ಬರೆದ ತಾಯಿ ಕಾರ್ಡ್, ಶಾಲೆಯ ಡೈರಿಯ ಫೋಟೋ, ಎಲ್ಲಾ ಒಂದೇ ಕಡೆ. ಹೊಸ ಡಾಕ್ಟರ್ ಮುಂದೆ ಐದು ನಿಮಿಷದಲ್ಲಿ ಆರು ವರ್ಷದ ಕತೆ ಹೇಳುವ ಕಷ್ಟ ತಪ್ಪುತ್ತದೆ.

ಮೂರು ತಿಂಗಳ ಕೂಸಿನ ತಾಯಿ

ಕ್ಷಮಿಸಿ, ನಡುವೆ ಬರುತ್ತಿದ್ದೇನೆ. ನನ್ನ ಮಗುವಿನ ತಲೆ ಹಿಂದೆ ಒಂದು ಕಡೆ ಚಪ್ಪಟೆ ಆಗಿದೆ. ಸಾಸಿವೆ ದಿಂಬು ಹಾಕಿದ್ದೇವೆ. ಇದನ್ನೆಲ್ಲಾ ಓದಿ ಕೈಕಾಲು ಆಡುತ್ತಿಲ್ಲ. ನನ್ನ ಮಗುವಿಗೂ ಇದೇನಾ?

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಗಾಬರಿ ಆಗಬೇಡಮ್ಮ. ಒಂದೇ ಕಡೆ ಮಲಗಿ ಚಪ್ಪಟೆ ಆಗುವುದು ಬೇರೆ, ಸಂದು ಕೂಡುವುದು ಬೇರೆ. ಮೊದಲನೆಯದು ತುಂಬಾ ಸಾಮಾನ್ಯ, ಆಪರೇಷನ್ ಬೇಕಿಲ್ಲ. ಅದರಲ್ಲಿ ಚಪ್ಪಟೆ ಆದ ಕಡೆಯ ಕಿವಿ ಸ್ವಲ್ಪ ಮುಂದಕ್ಕೆ ಹೋಗಿರುತ್ತದೆ. ಕೂಡಿದ ಸಂದಿನ ಮೇಲೆ ಬೆರಳಿಟ್ಟರೆ ಗೆರೆಯ ಹಾಗೆ ಗಟ್ಟಿ ಏಣು ಸಿಗುತ್ತದೆ. ಆದರೆ ಇದನ್ನು ನೀವೇ ನಿರ್ಧರಿಸಬೇಡಿ, ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಕೂಡಿದ್ದೇ ಆಗಿದ್ದರೆ ಬೇಗ ಗೊತ್ತಾದಷ್ಟೂ ಒಳ್ಳೆಯದು, 3-4 ತಿಂಗಳೊಳಗಾದರೆ ಸಣ್ಣ ಗಾಯದ ಎಂಡೋಸ್ಕೋಪ್ ಆಪರೇಷನ್ ಮಾಡಿ ಆಮೇಲೆ ಹೆಲ್ಮೆಟ್ ಹಾಕುವ ದಾರಿಯೂ ಕೆಲವು ಕಡೆ ಇದೆ. ಮಲಗಿಸುವಾಗ ಅಂಗಾತವೇ ಮಲಗಿಸಿ, ದಿಂಬು ತೆಗೆಯಿರಿ. ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಬೋರಲು ಹಾಕಿ ಆಡಿಸಿ. ನೀವುವುದರಿಂದ ಕೂಡಿದ ಮೂಳೆ ಬಿಡುವುದಿಲ್ಲ, ಜೋರಾಗಿ ಒತ್ತಬೇಡಿ.

ತುಮಕೂರಿನ ತಂದೆ

ನನ್ನ ಮಗಳಿಗೆ ಏಪರ್ಟ್ ಸಿಂಡ್ರೋಮ್. ಇಲ್ಲಿರುವವರಲ್ಲಿ ಬಹುಶಃ ನಮ್ಮದೇ ಜಾಸ್ತಿ ಕಷ್ಟದ್ದು. ತಲೆಯ ಸಂದುಗಳ ಜೊತೆ ಕೈಕಾಲಿನ ಬೆರಳುಗಳೂ ಕೂಡಿಕೊಂಡೇ ಹುಟ್ಟಿದಳು. ತಲೆಗೆ ಎರಡು, ಬೆರಳು ಬಿಡಿಸಲು ಮೂರು ಆಪರೇಷನ್ ಆಗಿವೆ. ಈಗ 7 ವರ್ಷ.

ನಾನು ಹೇಳಬೇಕಿರುವುದು ನಿದ್ದೆಯ ಬಗ್ಗೆ. 4 ವರ್ಷದಲ್ಲಿ ಅವಳ ಸಿಟ್ಟು ತಡೆಯಲು ಆಗುತ್ತಿರಲಿಲ್ಲ. ಮಧ್ಯಾಹ್ನ ಮೂರಾದರೆ ಕಚ್ಚುವುದು, ಸಿಕ್ಕಿದ್ದು ಎಸೆಯುವುದು. ಬುದ್ಧಿ ಬೆಳವಣಿಗೆ ಕಡಿಮೆ ಇದೆ, ಅದಕ್ಕೇ ಎಂದರು ಒಂದು ಕಡೆ. ನಾವೂ ಒಪ್ಪಿಕೊಂಡಿದ್ದೆವು. ಅವಳು ಸಣ್ಣದರಿಂದಲೂ ಗೊರಕೆ ಹೊಡೆಯುತ್ತಿದ್ದಳು. ನನ್ನ ತಾಯಿ "ಪಾಪ, ಸುಸ್ತಾಗಿದೆ, ಚೆನ್ನಾಗಿ ನಿದ್ದೆ ಮಾಡ್ತಿದೆ" ಎನ್ನುತ್ತಿದ್ದರು. ಒಂದು ರಾತ್ರಿ ಕರೆಂಟ್ ಹೋಗಿತ್ತು. ಫ್ಯಾನ್ ಶಬ್ದ ಇರಲಿಲ್ಲ. ಅವಳ ಪಕ್ಕ ಕೂತು ಬೀಸುತ್ತಿದ್ದೆ. ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಎದೆ ಏಳುತ್ತಿದೆ, ಮೂಗಲ್ಲಿ ಗಾಳಿ ಇಲ್ಲ. ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ. ಹತ್ತು ದಾಟುತ್ತಿತ್ತು. ಆಮೇಲೆ ಬೆಚ್ಚಿಬಿದ್ದ ಹಾಗೆ ಉಸಿರೆಳೆದುಕೊಳ್ಳುತ್ತಿದ್ದಳು. ಬೆಳಗಾಗುವವರೆಗೂ ಅಲ್ಲೇ ಕೂತಿದ್ದೆ.

ಈ ಮಕ್ಕಳ ಮುಖದ ಮಧ್ಯಭಾಗ ಒಳಗೆ ಸರಿದಿರುತ್ತದೆ, ಉಸಿರಿನ ದಾರಿ ಕಿರಿದು. ನಿದ್ದೆಯ ಪರೀಕ್ಷೆ ಮಾಡಿಸಿದೆವು. ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ತೆಗೆದರು, ಸಾಲಲಿಲ್ಲ. ರಾತ್ರಿ ಸಿಪ್ಯಾಪ್ ಮಾಸ್ಕ್ (ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವಂಥದ್ದು) ಶುರು ಮಾಡಿದರು. ಅದನ್ನು ಹಾಕಿಕೊಳ್ಳಲು ಒಪ್ಪಿಸುವುದಕ್ಕೇ ಎರಡು ತಿಂಗಳು ಬೇಕಾಯಿತು. ಮೊದಲು ಗೊಂಬೆಗೆ ಹಾಕಿದೆವು, ಆಮೇಲೆ ನನಗೆ, ಆಮೇಲೆ ಅವಳಿಗೆ. ಆ ಬೇಸಿಗೆಯಲ್ಲಿ ಕಚ್ಚುವುದು ನಿಂತಿತು. ಅವಳು ಸಿಟ್ಟಿನ ಮಗು ಆಗಿರಲೇ ಇಲ್ಲ. ನಾಲ್ಕು ವರ್ಷ ನೆಟ್ಟಗೆ ನಿದ್ದೆ ಮಾಡದ ಮಗು ಆಗಿದ್ದಳು.

ಅವಳ ಕಲಿಕೆ ನಿಧಾನ, ಅದು ನಿಜ. ಆದರೂ ಕನ್ನಡ ವರ್ಣಮಾಲೆ ಪೂರ್ತಿ ಬರೆಯುತ್ತಾಳೆ. 'ಕ್ಷ' ಬರೆಯಲು ಪೆನ್ಸಿಲನ್ನು ಎರಡು ಕೈಯಲ್ಲೂ ಹಿಡಿಯುತ್ತಾಳೆ.

ಹಾಸನದ ತಂಗಿ, ನಿಮ್ಮ ಹುಡುಗ ಗೊರಕೆ ಹೊಡೆಯುತ್ತಾನಾ? ಒಂದು ರಾತ್ರಿ ಫ್ಯಾನ್ ಆರಿಸಿ ಕೇಳಿ ನೋಡಿ.

ಬೆಂಗಳೂರು ಹುಡುಗ 26

ನಾನು ಅಪ್ಪ ಅಮ್ಮ ಅಲ್ಲ. ನಾನೇ ಆ ಮಗು. ಸ್ಯಾಜಿಟಲ್, ಒಂದು ವರ್ಷದ ಒಳಗೆ ಆಪರೇಷನ್ ಆಗಿತ್ತಂತೆ. ಈಗ ಕೆಲಸದಲ್ಲಿದ್ದೇನೆ. ಮೂರು ದಿನದಿಂದ ಓದುತ್ತಾ ಇದ್ದೆ, ಬರೆಯಲೋ ಬೇಡವೋ ಎಂದು.

ನನಗೆ ಈ ವಿಷಯ ಗೊತ್ತಾಗಿದ್ದು 9 ವರ್ಷದಲ್ಲಿ. ಮನೆದೇವರಿಗೆ ಮುಡಿ ಕೊಡಲು ಹೋದಾಗ. ಕ್ಷೌರದವರು ಅರ್ಧ ಬೋಳಿಸಿ ಕೈ ತಡೆದು, "ಇದೇನಮ್ಮಾ, ಮಗುಗೆ ಏನಾಗಿತ್ತು?" ಎಂದರು. ಅಮ್ಮ ನನ್ನ ಮುಖ ನೋಡಿ, "ಏನಿಲ್ಲ, ಸಣ್ಣವನಿದ್ದಾಗ ಬಿದ್ದಿದ್ದ" ಎಂದರು. ವಾಪಸ್ ಬಂದು ಎರಡು ಕನ್ನಡಿ ಹಿಡಿದು ನೋಡಿಕೊಂಡೆ. ಬಿದ್ದ ಗಾಯ ಅಂಥ ಗೆರೆಯಾಗಿರುವುದಿಲ್ಲ ಎಂದು ಆ ವಯಸ್ಸಿನಲ್ಲೂ ಗೊತ್ತಾಯಿತು. ನನ್ನ ಬಗ್ಗೆ ಏನೋ ಮುಚ್ಚಿಟ್ಟಿದ್ದಾರೆ, ಹೇಳಲಾಗದಷ್ಟು ಕೆಟ್ಟದ್ದು ಎಂದುಕೊಂಡೆ. ನಿಜ ಹೇಳಿದ್ದು ಅತ್ತೆಯ ಮಗಳು.

ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಹೊಡೆದೆ. ಅವನು ಎರಡು ವಾರದಿಂದ ಹಿಂದಿನ ಬೆಂಚಿನಿಂದ ನನ್ನ ತಲೆ ಮೇಲೆ ಬೆರಳಿಟ್ಟು ಗಾಯದ ಗೆರೆ ಎಳೆಯುತ್ತಿದ್ದ. ಅಪ್ಪನನ್ನು ಕರೆಸಿದರು. ಅಪ್ಪ ಅಲ್ಲಿ ಹೇಳಿದ್ದು, "ಸಾರ್, ಅವನಿಗೆ ಚಿಕ್ಕಂದಿನಲ್ಲಿ ತಲೆ ಆಪರೇಷನ್ ಆಗಿದೆ, ಅದಕ್ಕೆ ಸ್ವಲ್ಪ ಸಿಟ್ಟು." ನನ್ನನ್ನು ಉಳಿಸಲು ಹೇಳಿದ ಮಾತು ಅದು, ಈಗ ಅರ್ಥವಾಗುತ್ತದೆ. ಆದರೆ ಆ ದಿನ ಯಾರೂ, ಒಬ್ಬರೂ, ಅವನು ಏನು ಮಾಡಿದ ಎಂದು ಕೇಳಲಿಲ್ಲ. ಎಲ್ಲದಕ್ಕೂ ಉತ್ತರ ನನ್ನ ತಲೆಯಲ್ಲಿ ಸಿಕ್ಕಿಬಿಟ್ಟಿತ್ತು.

ಹಾಸನದ ಅಕ್ಕ, ನಿಮ್ಮ ಮಗನಿಗೆ ಗಮನದ ತೊಂದರೆ ಇರಬಹುದು, ಇಲ್ಲದಿರಬಹುದು. ಅದನ್ನು ಮೇಡಂ ಹೇಳಿದ ಹಾಗೆ ಪರೀಕ್ಷೆ ಮಾಡಿಸಿ. ಆದರೆ ಅವನು ಯಾಕೆ ತಳ್ಳುತ್ತಾನೆ ಎಂದು ಅವನನ್ನೇ ಕೇಳಿದ್ದೀರಾ? ಗಾಯ ಯಾವುದರದು ಎಂದು ಅವನಿಗೆ ಹೇಳಿದ್ದೀರಾ?

ಸರ್ಕಾರಿ ಶಾಲೆ ಟೀಚರ್

ಹದಿನೇಳು ವರ್ಷದಿಂದ ಒಂದು-ಎರಡನೇ ಕ್ಲಾಸ್ ತೆಗೆದುಕೊಳ್ಳುತ್ತಿದ್ದೇನೆ. ಆರು ವರ್ಷದ ಮಗು ಜಾಗದಲ್ಲಿ ಕೂರದಿರುವುದು ಎಷ್ಟೋ ಸಲ ಬರೀ ಆರು ವರ್ಷದ ಮಗು ಅಷ್ಟೇ. ತರಗತಿಯಲ್ಲಿ ಹತ್ತು ಜನ ಹಾಗೇ ಇರುತ್ತಾರೆ. ಆಪರೇಷನ್ ವಿಷಯ ಗೊತ್ತಾದ ಒಬ್ಬನ ಮೇಲೆ ಮಾತ್ರ ಕಣ್ಣು ಬೀಳುತ್ತದೆ, ಇದನ್ನು ನನ್ನ ಅನುಭವದಲ್ಲೇ ಕಂಡಿದ್ದೇನೆ.

ಆದರೂ ಶಾಲೆಗೆ ಹೇಳಿ. ಮುಚ್ಚಿಡಬೇಡಿ. ಒಂದೇ ಪುಟದಲ್ಲಿ ಬರೆದು ಕೊಡಿ: ಏನಾಗಿತ್ತು, ಈಗ ಆಟಕ್ಕೆ ಏನೂ ಅಡ್ಡಿಯಿಲ್ಲ ಎಂದು ಸರ್ಜನ್ ಹೇಳಿದ್ದರೆ ಅದು, ಯಾವ ಲಕ್ಷಣ ಕಂಡರೆ ಫೋನ್ ಮಾಡಬೇಕು. ಇಷ್ಟೇ. ಮುಂದಿನ ಬೆಂಚು ಕೇಳಿ, ಬಾಗಿಲಿನಿಂದ ದೂರ. ನಾನು ಇಂಥ ಮಕ್ಕಳಿಗೆ ಪುಸ್ತಕ ಹಂಚುವ, ಬೋರ್ಡ್ ಒರೆಸುವ ಕೆಲಸ ಕೊಡುತ್ತೇನೆ. ಏಳಲು ಒಂದು ಕಾರಣ ಸಿಕ್ಕರೆ ಉಳಿದ ಹೊತ್ತು ಕೂರುತ್ತಾರೆ.

ಹಾಸನದ ಅಮ್ಮ (ಎರಡು ತಿಂಗಳ ನಂತರ)

ಎಲ್ಲರಿಗೂ ಉತ್ತರ ಬರೆಯಬೇಕಿತ್ತು, ತಡವಾಯಿತು. ಓಡಾಟ ಜಾಸ್ತಿ ಇತ್ತು.

ಕಿವಿ ಸರಿ ಇದೆ. ಕಣ್ಣಿನ ನರ ಸರಿ ಇದೆ, ಊತ ಇಲ್ಲ ಎಂದರು. ಅದನ್ನು ಕೇಳಿ ಆಸ್ಪತ್ರೆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಗೊರಕೆ ಇಲ್ಲ, ತುಮಕೂರಿನ ಅಣ್ಣ, ಎರಡು ರಾತ್ರಿ ಫ್ಯಾನ್ ಆರಿಸಿ ಕೂತಿದ್ದೆ. ಬುದ್ಧಿಮಟ್ಟ ವಯಸ್ಸಿಗೆ ತಕ್ಕಷ್ಟೇ ಇದೆ. ಗಮನ ಮಾತ್ರ ಕಡಿಮೆ. ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಎಂದು ಈಗಲೇ ಹೇಳುವುದಿಲ್ಲ ಎಂದರು. ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಒಂದೇ ಥರ ಇದೆಯಾ ಎಂದು ನೋಡಬೇಕಂತೆ, ಟೀಚರಿಗೂ ಒಂದು ಪ್ರಶ್ನೆಪಟ್ಟಿ ಕೊಟ್ಟಿದ್ದಾರೆ. ಆರು ತಿಂಗಳ ನಂತರ ಮತ್ತೆ ಬರಲು ಹೇಳಿದ್ದಾರೆ. ನನಗೂ ನಮ್ಮ ಯಜಮಾನರಿಗೂ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ನಾಲ್ಕು ಸಲ ಕೂರಿಸಿ ಹೇಳಿಕೊಟ್ಟರು.

ಬೆಂಗಳೂರಿನ ತಮ್ಮ, ನೀವು ಕೇಳಿದ್ದನ್ನು ಅವನ ಹತ್ತಿರ ಕೇಳಿದೆ. ಸ್ನಾನ ಮಾಡಿಸಿ ತಲೆ ಒರೆಸುವಾಗ. ಸಾಲಲ್ಲಿ ಯಾಕೋ ತಳ್ಳುತ್ತೀಯ ಎಂದೆ. "ಅವರು ಹಿಂದೆ ಹತ್ತಿರ ಬರ್ತಾರಮ್ಮ, ತಲೆಗೆ ತಾಗಿದ್ರೆ?" ಎಂದ. ಟವೆಲ್ ಕೈಯಲ್ಲೇ ಉಳಿಯಿತು. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ "ತಲೆ ಜೋಪಾನ, ತಲೆ ಜೋಪಾನ" ಎಂದವಳು ನಾನೇ. ಅವನು ಜೋಪಾನ ಮಾಡಿಕೊಳ್ಳುತ್ತಿದ್ದ.

ಅವತ್ತೇ ಕನ್ನಡಿ ಮುಂದೆ ನಿಲ್ಲಿಸಿ, ಕೂದಲು ಸರಿಸಿ, ಗೆರೆ ತೋರಿಸಿ ಎಲ್ಲಾ ಹೇಳಿದೆ. ಮೂಳೆ ಬೇಗ ಅಂಟಿಕೊಂಡಿತ್ತು, ಡಾಕ್ಟರು ಬಿಡಿಸಿ ಜಾಗ ಮಾಡಿದರು, ಈಗ ಗಟ್ಟಿಯಾಗಿದೆ, ಎಲ್ಲರ ತಲೆಯಷ್ಟೇ ಗಟ್ಟಿ ಅಂತ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಬಡಿದು ನೋಡಿಕೊಂಡ. ಆಮೇಲೆ ನನ್ನ ತಲೆಗೂ ಬಡಿದು ನೋಡಿದ. "ಎರಡೂ ಒಂದೇ ಸೌಂಡು" ಎಂದ.

ಇನ್ನೂ ಕ್ಲಾಸಿನಲ್ಲಿ ಏಳುತ್ತಾನೆ. ಪುಸ್ತಕ ಹಂಚುವ ಕೆಲಸ ಕೊಟ್ಟಿದ್ದಾರೆ, ಟೀಚರ್ ಅಕ್ಕ, ನಿಮ್ಮ ಮಾತು ಅವರಿಗೆ ಓದಿ ಹೇಳಿದ್ದೆ. ತಳ್ಳುವುದು ಈ ತಿಂಗಳು ಡೈರಿಯಲ್ಲಿ ಬಂದಿಲ್ಲ. ಹೋದ ಭಾನುವಾರ ಪಾರ್ಕಿನಲ್ಲಿ ಮೊದಲ ಸಲ ಜಾರುಬಂಡೆ ಹತ್ತಿದ. ನಾನು ಬೆಂಚಿನ ಮೇಲೆ ಸೆರಗು ಗಟ್ಟಿಯಾಗಿ ಹಿಡಿದು ಕೂತಿದ್ದೆ, ಏಳಲಿಲ್ಲ, ಕೂಗಲಿಲ್ಲ. ಹದಿನಾಲ್ಕು ಸಲ ಜಾರಿದ.